ಮೂವರ ಬ್ಯಾಸ್ಕೆಟ್‌ಬಾಲ್ ಮತ್ತು ಶಾಲಾ ಅಂಗಳ: ಅರಸೀಕೆರೆ, ಬೇಲೂರು, ಹಳೇಬೀಡುಗಳ ಹಿನ್ನೆಲೆಯಲ್ಲಿ

ಕರ್ನಾಟಕದಲ್ಲಿ ಬ್ಯಾಸ್ಕೆಟ್‌ಬಾಲ್ ಇಂದಿಗೂ ಬಹುಮಟ್ಟಿಗೆ ನಗರದ ಆಟ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017 ಮತ್ತು 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬೀಗಲ್ಸ್, ಮೌಂಟ್ಸ್‌ನಂಥ ಕ್ಲಬ್ಬುಗಳು ಅಲ್ಲಿ ಈ ಆಟವನ್ನು ಬೆಳೆಸಿವೆ. ಅದೇ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆ ಶಾಲಾ ಕ್ರೀಡಾಕೂಟವೆಂದರೆ ಮೊದಲು ನೆನಪಾಗುವುದು ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್. ಈ ಊರುಗಳಿಗೆ ಬ್ಯಾಸ್ಕೆಟ್‌ಬಾಲ್ ಬರುವುದಾದರೆ ಐವರ ಪೂರ್ಣ ಅಂಕಣದ ದಾರಿಯಲ್ಲಿ ಬರಲಾರದು, ಮೂವರ ಅರೆ ಅಂಕಣದ ದಾರಿಯಲ್ಲಿ ಬರಬಲ್ಲದು ಎಂಬುದು ಈ ಲೇಖನದ ವಾದ.

ಐದು ಎಂಬ ಸಂಖ್ಯೆ ಈ ಆಟಕ್ಕೆ ಹುಟ್ಟಿನಿಂದ ಬಂದದ್ದಲ್ಲ. 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಡಿಸಿದ ಮೊದಲ ಪಂದ್ಯದಲ್ಲಿ ಒಂದೊಂದು ಕಡೆ ಒಂಬತ್ತು ಮಂದಿ ಇದ್ದರು. ಮೂವರ ಆಟ 2010ರ ಸಿಂಗಪುರ ಯುವ ಒಲಿಂಪಿಕ್ಸ್‌ಗೆ ಸೇರಿತು. 2017ರಲ್ಲಿ ಒಲಿಂಪಿಕ್ಸ್‌ಗೆ ಅಂಗೀಕಾರ ಪಡೆದು, ಟೋಕಿಯೊದಲ್ಲಿ ಮೊದಲ ಬಾರಿ ಪದಕದ ಆಟವಾಯಿತು.

ಇದರ ನಿಯಮಗಳು ಶಾಲೆಯ ವೇಳಾಪಟ್ಟಿಗೆ ಎಷ್ಟು ಹೊಂದುತ್ತವೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಪಂದ್ಯ ಹತ್ತು ನಿಮಿಷದ್ದು. ಅದಕ್ಕೂ ಮೊದಲೇ ಯಾರಾದರೂ 21 ಅಂಕ ಮುಟ್ಟಿದರೆ ಅಲ್ಲಿಗೇ ಮುಗಿಯಿತು. ತಂಡದಲ್ಲಿ ನಾಲ್ವರು, ಅಂಕಣದಲ್ಲಿ ಮೂವರು. ಬುಟ್ಟಿಗೆ ಚೆಂಡು ಬಿದ್ದ ಮೇಲೂ ಆಟ ನಿಲ್ಲುವುದಿಲ್ಲ. ಎದುರಾಳಿ ಅದನ್ನು ಎತ್ತಿಕೊಂಡು ಕಮಾನಿನ ಗೆರೆಯಾಚೆ ಒಯ್ದು ಮತ್ತೆ ದಾಳಿಗಿಳಿಯಬೇಕು. ನಮ್ಮ ಪಿ.ಟಿ. ಪೀರಿಯಡ್ಡು ನಲವತ್ತು ನಿಮಿಷ. ಗಡಿಯಾರ ನಿಲ್ಲಿಸದೆ ಆಡಿಸಿದರೆ ಒಂದು ಬುಟ್ಟಿಯ ಕೆಳಗೆ ಮೂರು ಪಂದ್ಯ ಸಲೀಸಾಗಿ ಮುಗಿಯುತ್ತವೆ, ಇಪ್ಪತ್ತನಾಲ್ಕು ಮಕ್ಕಳು ಚೆಂಡು ಮುಟ್ಟುತ್ತಾರೆ. ಎರಡು ಬುಟ್ಟಿಯಿದ್ದರೆ ನಲವತ್ತೆಂಟು, ಅಂದರೆ ಇಡೀ ತರಗತಿ. ಹತ್ತು ನಿಮಿಷದ ನಾಲ್ಕು ಅವಧಿಗಳ ಐವರ ಪಂದ್ಯವಾದರೋ ಇಷ್ಟರಲ್ಲಿ ಒಂದೂ ಮುಗಿಯದು. ಅಲ್ಲದೆ ಹತ್ತು ಮಂದಿಯ ನಡುವೆ ಚೆಂಡು ಚುರುಕಾದ ಇಬ್ಬರ ಕೈಯಲ್ಲೇ ಸುತ್ತುತ್ತದೆ. ಮೂವರಲ್ಲಿ ಹಾಗೆ ಮರೆಯಾಗಿ ನಿಲ್ಲಲು ಯಾವ ಮಗುವಿಗೂ ಜಾಗವಿಲ್ಲ. ಹಿಂಜರಿಯುವ ಹುಡುಗಿಯರನ್ನು ಆಟಕ್ಕೆ ಎಳೆಯುವ ಗುಣ ಇದರಲ್ಲಿದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಎರಡನೆಯದು ನೆಲದ ಪ್ರಶ್ನೆ. ಕಬಡ್ಡಿಗೆ ಮಣ್ಣು ಸಾಕು, ಬ್ಯಾಸ್ಕೆಟ್‌ಬಾಲ್‌ಗೆ ಪುಟಿಯುವ ನೆಲ ಬೇಕು. ಅರಸೀಕೆರೆ ತೆಂಗಿನ ಬಯಲುಸೀಮೆ. ಗಟ್ಟಿಸಿದ ಮಣ್ಣಿನಲ್ಲೂ ಅಲ್ಲಿ ವರ್ಷದ ಬಹುಕಾಲ ಹೇಗೋ ಆಡಬಹುದು. ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿನಲ್ಲಿ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳ ಹೊತ್ತಿಗೇ ಮಳೆ ಹಿಡಿದಿರುತ್ತದೆ. ಕೆಸರಿನಲ್ಲಿ ಡ್ರಿಬ್ಲಿಂಗ್ ಸಾಧ್ಯವೇ ಇಲ್ಲ. ಕಾಂಕ್ರೀಟು ಅನಿವಾರ್ಯ. ಪೂರ್ಣ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 420 ಚದರ ಮೀಟರ್. ಮೂವರ ಅಂಕಣ 15 ಮೀಟರ್ ಅಗಲ, 11 ಮೀಟರ್ ಉದ್ದ. 165 ಚದರ ಮೀಟರ್. ಹತ್ತು ಸೆಂಟಿಮೀಟರ್ ದಪ್ಪ ಹಾಕಿದರೆ 42 ಘನ ಮೀಟರ್ ಕಾಂಕ್ರೀಟಿನ ಬದಲು ಹದಿನಾರೂವರೆ ಸಾಕು. ಸರ್ಕಾರಿ ಶಾಲೆಯ ಮಟ್ಟಿಗೆ ಆಗುವ ಕೆಲಸಕ್ಕೂ ಆಗದ ಕೆಲಸಕ್ಕೂ ಇರುವ ಅಂತರ ಇಷ್ಟೇ.

ಬೇಲೂರು, ಹಳೇಬೀಡುಗಳಿಗೆ ಇನ್ನೊಂದು ಕಟ್ಟುಪಾಡಿದೆ. ಚೆನ್ನಕೇಶವ, ಹೊಯ್ಸಳೇಶ್ವರ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಣ. ಅದು ಇರಬೇಕಾದದ್ದೇ. ಹಾಗಾಗಿ ಪೇಟೆಯ ನಡುವೆ ದೊಡ್ಡ ಕ್ರೀಡಾಂಗಣದ ಕನಸು ಬೇಡ. ಈ ವಲಯದ ಹೊರಗಿನ ಶಾಲಾ ಅಂಗಳಗಳಲ್ಲಿ ಅರೆ ಅಂಕಣಗಳನ್ನು ಹಾಸುವುದೇ ಸರಿಯಾದ ಹಾದಿ.

ಪಂದ್ಯದ ನಡುವೆ ತರಬೇತುದಾರ ಸೂಚನೆ ಕೊಡುವಂತಿಲ್ಲ ಎಂಬುದು ಮೂವರ ಆಟದ ಇನ್ನೊಂದು ನಿಯಮ. ಯಾರನ್ನು ಇಳಿಸಬೇಕು, ಯಾವಾಗ ವಿರಾಮ ಕೇಳಬೇಕು ಎಂಬುದನ್ನು ಆಟಗಾರರೇ ತೀರ್ಮಾನಿಸುತ್ತಾರೆ. ಪಿ.ಟಿ. ಮೇಷ್ಟ್ರಿಲ್ಲದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿರುವಾಗ ಈ ನಿಯಮಕ್ಕೆ ತೂಕವಿದೆ. ಇದನ್ನೇ ನೆಪ ಮಾಡಿಕೊಂಡು ಹುದ್ದೆಗಳನ್ನು ಖಾಲಿ ಬಿಡಬಾರದು. ದೈಹಿಕ ಶಿಕ್ಷಕರು ತಮ್ಮ ಸಮಸ್ಯೆಗಳ ಕುರಿತ ವೈದ್ಯನಾಥನ್ ವರದಿಯ ಜಾರಿಗಾಗಿ ವರ್ಷಗಳಿಂದ ಕೇಳುತ್ತಲೇ ಇದ್ದಾರೆ.

ಅಂತರರಾಷ್ಟ್ರೀಯ ನಿಯಮವನ್ನು ಹಾಗೆಯೇ ಇಳಿಸಿಕೊಳ್ಳುವುದೂ ತಪ್ಪು. ಮೂವರ ಆಟದ ಚೆಂಡಿನ ಗಾತ್ರ ಆರನೆಯದಾದರೂ ಭಾರ ಏಳನೆಯದರದು. ಐದನೇ ತರಗತಿಯ ಕೈಗೆ ಅದು ಒಗ್ಗದು. ಹನ್ನೆರಡರೊಳಗಿನವರಿಗೆ ಮಿನಿ ಬ್ಯಾಸ್ಕೆಟ್‌ಬಾಲ್‌ನ ಐದನೇ ಗಾತ್ರದ ಚೆಂಡು ಇರಲಿ. ಬುಟ್ಟಿಯ ಎತ್ತರ 3.05 ಮೀಟರ್ ಬೇಡ, 2.60 ಸಾಕು. ಕಬಡ್ಡಿಯನ್ನು ಬದಿಗೆ ಸರಿಸುವ ಮಾತೂ ಇಲ್ಲಿಲ್ಲ. ತಪ್ಪಿಸಿಕೊಳ್ಳುವ, ಅಡ್ಡಗಟ್ಟುವ ಕಾಲ್ಚಳಕ ಅದರಿಂದಲೇ ಮಕ್ಕಳಿಗೆ ಬಂದಿರುತ್ತದೆ.

ನರೇಗಾ ಯೋಜನೆಯಲ್ಲಿ ರಾಜ್ಯದ ಹಲವು ಶಾಲೆಗಳಿಗೆ ಕಾಂಪೌಂಡು, ಆಟದ ಮೈದಾನ ಬಂದ ಮಾದರಿ ನಮ್ಮ ಮುಂದಿದೆ. ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಎಸ್‌ಡಿಎಂಸಿಗಳು ಹೋಬಳಿಗೊಂದು ಶಾಲೆಯನ್ನಾದರೂ ಆರಿಸಿ, ಒಂದು ಅರೆ ಅಂಕಣ, ಒಂದು ಬುಟ್ಟಿ, ನಾಲ್ಕು ಚೆಂಡುಗಳಿಗೆ ಪಂಚಾಯಿತಿಯ ಮುಂದೆ ಬೇಡಿಕೆ ಇಡಲಿ. ಶಿಕ್ಷಣ ಇಲಾಖೆ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಮೂವರ ಆಟಕ್ಕೆ ಸ್ಥಾನ ಕೊಡಲಿ.