ಅರ್ಜಿ ಹಾಕಿದ ಹೆಣ್ಣುಮಕ್ಕಳು: ಇಂಜಿನಿಯರಿಂಗ್ ಪ್ರವೇಶದ ಹಿಂದಿನ ಕಥೆ



ಕಳೆದ ಸಲ ಪ್ರವೇಶ ಪರೀಕ್ಷೆಯ ಅರ್ಜಿ ಕರೆದಾಗ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮಿಯಾಪುರದ ನಮ್ಮ ಮನೆಗೆ ಬಂದಳು. ನಾವೆಲ್ಲ ಈಗಲೂ ಎಂಸೆಟ್ ಎಂದೇ ಕರೆಯುವ, ಈಗ ಇಎಪಿಸೆಟ್ ಆಗಿರುವ ಪರೀಕ್ಷೆಯ ಅರ್ಜಿ ಅದು. ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಎಲ್ಲ ತುಂಬಿ ಒಂದು ಸಾಲಿಗೆ ಬಂದು ನಿಂತಳು.

"ಚಿಕ್ಕಮ್ಮ, ನಾವು ಲೋಕಲ್ಲಾ, ನಾನ್ ಲೋಕಲ್ಲಾ? ಅಮ್ಮನ ಊರು ರಾಯಚೂರು, ಅಪ್ಪನ ಊರು ಬೀದರ್. ನಾನು ಹುಟ್ಟಿದ್ದು ಇಲ್ಲೇ. ಏನಂತ ಹಾಕ್ಲಿ?"

ಒಂಬತ್ತನೇ ತರಗತಿಯಿಂದ ಇಂಟರ್ಮೀಡಿಯೆಟ್ ತನಕ ಸತತ ನಾಲ್ಕು ವರ್ಷ ಹೈದರಾಬಾದಿನಲ್ಲೇ ಓದಿದ್ದರಿಂದ ಅವಳು ಲೋಕಲ್. ಉತ್ತರ ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಅರ್ಜಿಯ ಒಂದೊಂದು ಖಾಲಿ ಜಾಗದ ಹಿಂದೆಯೂ ಯಾರೋ ಪಟ್ಟ ಕಷ್ಟ, ಮಾಡಿದ ಜಗಳ ಇರುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟು ಎಂದು ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಉರ್ದುವಿನಲ್ಲಿ ಇಂಜಿನಿಯರಿಂಗ್

1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದು ನಾವು ಯುವಿಸಿಇ ಎನ್ನುವುದು ಅದನ್ನೇ. ಅದೇ ವರ್ಷ ಹೈದರಾಬಾದಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೆ ಫರ್ಮಾನು ಹೊರಡಿಸಿದರು. ಮರುವರ್ಷ ವಿಶ್ವವಿದ್ಯಾಲಯ ಶುರುವಾಯಿತು, 1929ರಲ್ಲಿ ಅದರ ಇಂಜಿನಿಯರಿಂಗ್ ಕಾಲೇಜೂ ಬಂತು.

ಅಲ್ಲಿ ಪಾಠದ ಮಾಧ್ಯಮ ಉರ್ದು. ಗಣಿತ, ವಿಜ್ಞಾನ, ಇಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿಗೆ ತರಲೆಂದೇ ಒಂದು ಅನುವಾದ ಇಲಾಖೆ ಇತ್ತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಸಾಹಸ ದೊಡ್ಡದೇ. ಆದರೆ ನಿಜಾಮರ ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಇಲ್ಲವೇ ಕನ್ನಡ. ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡದ ಹುಡುಗನೊಬ್ಬ ಇಂಜಿನಿಯರ್ ಆಗಬೇಕಾದರೆ ಮೊದಲು ಉರ್ದುವಿನಲ್ಲಿ ಪಳಗಬೇಕಿತ್ತು. ಹುಡುಗಿಯ ಮಾತು ಹಾಗಿರಲಿ, ಅವಳು ಪ್ರೌಢಶಾಲೆ ಮುಟ್ಟುವುದೇ ಅಪರೂಪವಾಗಿತ್ತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಿಗೆ ತಿರುಗಿತು.

‘ಹೀ’ ಅಳಿಸಿ ‘ಶೀ’ ಬರೆದ ಪದವಿ ಪತ್ರ

ಹಾಗಾದರೆ ಮೊದಲು ಅರ್ಜಿ ಹಾಕಿದ ಹೆಣ್ಣುಮಗಳು ಯಾರು? ಇದಕ್ಕೆ ಮದರಾಸಿಗೆ ಹೋಗಬೇಕು. ಎ. ಲಲಿತಾ ತೆಲುಗು ಮನೆತನದವರು. ಹದಿನೈದರಲ್ಲಿ ಮದುವೆ, ಹದಿನೆಂಟರಲ್ಲಿ ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು ಇರುವಾಗಲೇ ಗಂಡ ತೀರಿಕೊಂಡರು. ಅವರ ತಂದೆ ಪಪ್ಪು ಸುಬ್ಬರಾವ್ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕರು. ಮಗಳನ್ನು ಮತ್ತೆ ಓದಿಸಿದರು. ಡಾಕ್ಟರಾದರೆ ಹೊತ್ತುಗೊತ್ತಿಲ್ಲದೆ ಮಗುವನ್ನು ಬಿಟ್ಟು ಓಡಬೇಕಾಗುತ್ತದೆ ಎಂದು ಲಲಿತಾ ಇಂಜಿನಿಯರಿಂಗನ್ನು ಆರಿಸಿಕೊಂಡರು.

ಆಗ ಹೆಣ್ಣುಮಕ್ಕಳ ಅರ್ಜಿಗೆ ನಿಯಮವೇ ಇರಲಿಲ್ಲ. ತಂದೆ ಪ್ರಾಂಶುಪಾಲ ಕೆ.ಸಿ. ಚಾಕೊ ಅವರನ್ನು ಒಪ್ಪಿಸಬೇಕಾಯಿತು, ಮೇಲೆ ಶಿಕ್ಷಣ ನಿರ್ದೇಶಕರ ಅನುಮತಿ ಬೇಕಾಯಿತು. 1940ರಲ್ಲಿ ಪ್ರವೇಶ ಸಿಕ್ಕಿತು. ಅವರ ಹಿಂದೆಯೇ ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಸೇರಿದರು. 1944ರ ಹೊತ್ತಿಗೆ ಮೂವರೂ ಪದವಿ ಮುಗಿಸಿದ್ದರು. ಪದವಿ ಪತ್ರದಲ್ಲಿ ಮೊದಲೇ ಅಚ್ಚಾಗಿದ್ದ ‘ಹೀ’ ಎಂಬುದನ್ನು ಹೊಡೆದುಹಾಕಿ ‘ಶೀ’ ಎಂದು ತಿದ್ದಬೇಕಾಯಿತಂತೆ. ಲಲಿತಾ ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲಿ ಪಾಲ್ಗೊಂಡರು. ತ್ರೇಸ್ಯಾ 1971ರಲ್ಲಿ ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

ನಮ್ಮ ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿಯವರ ದಾರಿ ಬೇರೆ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ಅಲ್ಲಿಂದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಕಲಿಸಿದರು. ಬಿ.ಇ. ಪದವಿಗೆ ಅರ್ಜಿ ಹಾಕದೆಯೇ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎನಿಸಿಕೊಂಡರು.

ಮೂರು ಷರತ್ತು, ಒಂದು ಸಹಿ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ನಮ್ಮದೇ ರಾಜಧಾನಿಯಾಗಿದ್ದ ಹೈದರಾಬಾದ್ ಪರರಾಜ್ಯವಾಯಿತು. ಬೆಂಗಳೂರು ಹೆಸರಿಗೆ ನಮ್ಮದಾದರೂ ದೂರ. ಈ ಕೊರತೆ ತುಂಬಲೆಂದೇ ಗುಲ್ಬರ್ಗದಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, 1958ರಲ್ಲಿ ಪಿಡಿಎ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಇಂಜಿನಿಯರ್ ಅಲ್ಲಿಂದ ಬಂದವರು.

ಕಾಲೇಜು ಬಂದರೂ ಹೆಣ್ಣುಮಕ್ಕಳ ಅರ್ಜಿಗೆ ಯಾರದಾದರೂ ಒಪ್ಪಿಗೆ ಬೇಕೇ ಬೇಕಿತ್ತು. 1968ರಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿಗೆ ಸೇರಿದ ಸುಧಾ ಕುಲಕರ್ಣಿಯವರ (ಇಂದಿನ ಸುಧಾ ಮೂರ್ತಿ) ಅನುಭವವನ್ನು ನಮ್ಮಲ್ಲಿ ಹಲವರು ಓದಿರುತ್ತೀರಿ. ಅವರಿಗೆ ಒಳ್ಳೆಯ ಅಂಕಗಳಿದ್ದವು. ಆದರೂ ಪ್ರಾಂಶುಪಾಲರು ಮೂರು ಷರತ್ತು ಹಾಕಿದ್ದರು: ಸೀರೆಯುಟ್ಟು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಕಾಲೇಜಿನಲ್ಲಿ ಹೆಣ್ಣುಮಕ್ಕಳ ಶೌಚಾಲಯವೇ ಇರಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಸೋದರತ್ತೆ ನೆನಪಾಗುತ್ತಾರೆ. ಎಪ್ಪತ್ತರ ದಶಕದಲ್ಲಿ ರಾಯಚೂರಿನಲ್ಲಿ ಪಿಯುಸಿ ಮುಗಿಸಿದ ಅವರಿಗೆ ಗಣಿತದಲ್ಲಿ ತುಂಬಾ ಒಳ್ಳೆಯ ಅಂಕ ಬಂದಿತ್ತು. ಇಂಜಿನಿಯರಿಂಗ್ ಅರ್ಜಿಯನ್ನು ತಾವೇ ತರಿಸಿ, ತಾವೇ ತುಂಬಿ, ಅಜ್ಜನ ಮುಂದೆ ಇಟ್ಟರಂತೆ. ಪೋಷಕರ ಸಹಿಯ ಜಾಗವೊಂದು ಖಾಲಿ. "ಹೆಣ್ಣುಡುಗಿಗಿ ಅಷ್ಟು ದೂರದ ಓದು ಯಾಕ ಬೇಕವ್ವಾ" ಎಂದ ಅಜ್ಜ ಸಹಿ ಹಾಕಲಿಲ್ಲ. ಕೊನೆಯ ದಿನಾಂಕ ದಾಟಿತು. ಅತ್ತೆ ಬಿ.ಎಸ್ಸಿ., ಬಿ.ಎಡ್. ಮಾಡಿ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದರು. ಅಜ್ಜ ಕೆಟ್ಟವರಾಗಿರಲಿಲ್ಲ. ಅತ್ತೆ ಕೂಡ ಅವರನ್ನು ದೂರಿದ್ದನ್ನು ನಾನು ಕೇಳಿಲ್ಲ. ಆದರೆ ಒಂದು ಸಹಿಯ ಮೇಲೆ ಒಂದು ಜೀವನ ನಿಂತಿತ್ತು ಎಂಬುದಂತೂ ನಿಜ.

ದುಡ್ಡಿನ ಗೋಡೆ, ರ‍್ಯಾಂಕಿನ ಬಾಗಿಲು

ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳು ಹೆಚ್ಚಿದವು, ಜೊತೆಗೆ ಕ್ಯಾಪಿಟೇಶನ್ ಶುಲ್ಕವೂ ಬಂತು. ಮನೆಯಲ್ಲಿ ಇರುವ ದುಡ್ಡು ಒಂದೇ ಸೀಟಿಗೆ ಸಾಲುವಂತಿದ್ದರೆ ಅದು ಮಗನಿಗೋ ಮಗಳಿಗೋ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇದನ್ನು ತಡೆಯಲು ಆಂಧ್ರಪ್ರದೇಶ 1983ರಲ್ಲಿ, ಕರ್ನಾಟಕ 1984ರಲ್ಲಿ ಕಾಯ್ದೆ ತಂದವು. ಕಾಯ್ದೆ ಬಂದರೂ ದುಬಾರಿ ಶುಲ್ಕ ನಿಲ್ಲಲಿಲ್ಲ. ಅದನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದವಳೂ ಒಬ್ಬ ಹುಡುಗಿಯೇ. ತುಮಕೂರಿನ ವೈದ್ಯಕೀಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ ಉತ್ತರಪ್ರದೇಶದ ಮೋಹಿನಿ ಜೈನ್. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದರೆ, ಹೊರರಾಜ್ಯದವರಿಂದ 60,000 ರೂಪಾಯಿವರೆಗೆ ಪಡೆಯಲು ಕರ್ನಾಟಕ ಸರ್ಕಾರದ ಆದೇಶವೇ ಅವಕಾಶ ಕೊಟ್ಟಿತ್ತು. 1992ರಲ್ಲಿ ತೀರ್ಪು ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಬಂತು. ಮರುವರ್ಷ ಆಂಧ್ರಪ್ರದೇಶದ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳ ಅರ್ಧ ಸೀಟು ಕಡಿಮೆ ಶುಲ್ಕಕ್ಕೆ, ಎಲ್ಲ ಸೀಟೂ ಅರ್ಹತೆಯ ಮೇಲೆ ಎಂದು ನ್ಯಾಯಾಲಯ ಹೇಳಿತು. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಘಟಕ ಆರಂಭವಾಯಿತು.

ನಾನು ಸಿಇಟಿ ಕೌನ್ಸೆಲಿಂಗಿಗೆ ಹೋದದ್ದು 2006ರಲ್ಲಿ. ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಜೊತೆಗೆ ಬಂದವರು ಅದೇ ಸೋದರತ್ತೆ. ಪರದೆಯ ಮೇಲೆ ಕಾಲೇಜುಗಳ ಹೆಸರು, ಉಳಿದ ಸೀಟುಗಳ ಸಂಖ್ಯೆ. ನನ್ನ ರ‍್ಯಾಂಕ್ ಬಂದಾಗ ಒಳಗೆ ಹೋದೆ, ಆರಿಸಿದೆ, ಹೊರಗೆ ಬಂದೆ. ‘ಹೆಣ್ಣುಮಗಳಿಗೆ ಎಲೆಕ್ಟ್ರಾನಿಕ್ಸ್ ಯಾಕೆ’ ಎಂದು ಯಾರೂ ಕೇಳಲಿಲ್ಲ, ಯಾರೂ ಷರತ್ತು ಹಾಕಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ಸೀಟಿನ ಚೀಟಿಯನ್ನು ಎರಡು ಸಲ ಓದಿ, "ಇಷ್ಟೇನಾ? ಇಷ್ಟು ಬೇಗನಾ?" ಎಂದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಈಗ ಅನಿಸುತ್ತದೆ, ಪ್ರವೇಶ ಒಬ್ಬ ವ್ಯಕ್ತಿಯ ಒಪ್ಪಿಗೆಯ ಮೇಲೆ ನಿಂತಿದ್ದಷ್ಟು ಕಾಲ ಹೆಣ್ಣುಮಕ್ಕಳು ಒಬ್ಬಿಬ್ಬರಾಗಿ ಮಾತ್ರ ಒಳಗೆ ಬಂದರು. ಅಂಥವರಿಗೆ ಒಳ್ಳೆಯ ಅಪ್ಪನೋ ಉದಾರ ಪ್ರಾಂಶುಪಾಲರೋ ಸಿಗಬೇಕಿತ್ತು. ಎಲ್ಲರಿಗೂ ಕಾಣುವಂತೆ ನಿಯಮ ಬರೆದಿಟ್ಟ ಮೇಲೆ ಗುಂಪಾಗಿ ಬಂದರು. ಹೈದರಾಬಾದಿನಲ್ಲೂ ಹಾಗೆಯೇ ಆಯಿತು. ಎಂಸೆಟ್ ಪ್ರವೇಶದಲ್ಲಿ ಪ್ರತಿ ವರ್ಗದೊಳಗೂ ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ ಮೀಸಲಾಯಿತು. 1997ರಲ್ಲಿ ಶೇಕ್‌ಪೇಟೆಯಲ್ಲಿ ಜಿ. ನಾರಾಯಣಮ್ಮ ಮಹಿಳಾ ಇಂಜಿನಿಯರಿಂಗ್ ಕಾಲೇಜು ಬಂತು. ಐಐಟಿಗಳು ಬಹಳ ತಡವಾಗಿ, 2018ರಲ್ಲಿ, ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸೀಟು ಸೃಷ್ಟಿಸಿ ಅವರ ಪಾಲನ್ನು ಮೊದಲು ಶೇ. 14ಕ್ಕೆ, 2020ಕ್ಕೆ ಶೇ. 20ಕ್ಕೆ ಏರಿಸುವ ಗುರಿ ಇಟ್ಟುಕೊಂಡವು. ಬೀದರಿಗೆ ಹೋಗುವ ದಾರಿಯಲ್ಲಿ ಸಂಗಾರೆಡ್ಡಿಯ ಹತ್ತಿರ ಕಾಣುವ ಐಐಟಿ ಹೈದರಾಬಾದಿಗೂ ಇದು ಅನ್ವಯಿಸುತ್ತದೆ.

ರ‍್ಯಾಂಕಿಗೂ ತನ್ನದೇ ಕುರುಡು ಇದೆ ಎಂಬುದನ್ನು ಒಪ್ಪಬೇಕು. ಚುಕ್ಕಾ ರಾಮಯ್ಯನವರು ನಲ್ಲಕುಂಟದಲ್ಲಿ ಐಐಟಿ ಪಾಠ ಶುರುಮಾಡಿದ ಕಾಲದಿಂದ ಇಂದಿನ ತನಕ ಕೋಚಿಂಗ್ ಈ ಊರಿನ ದೊಡ್ಡ ಉದ್ಯಮವಾಗಿ ಬೆಳೆದಿದೆ. ಮಗಳ ಕೋಚಿಂಗಿಗೆ ಲಕ್ಷಗಟ್ಟಲೆ ಯಾಕೆ ಎನ್ನುವ ಮನೆಗಳು ಇನ್ನೂ ಇವೆ. ಅಜ್ಜ ಹಾಕದ ಸಹಿ ಈಗ ಆ ರೂಪದಲ್ಲಿ ಬಂದಿದೆ.

ನಾವು ಎಲ್ಲಿಯವರು?

ಇನ್ನು ಅಕ್ಕನ ಮಗಳ ಪ್ರಶ್ನೆ. ನಿಜಾಮರ ಕಾಲದಲ್ಲೇ ಸರ್ಕಾರಿ ನೌಕರಿಗೆ ‘ಮುಲ್ಕಿ’, ಅಂದರೆ ಈ ನಾಡಿನವರು, ಎಂಬ ನಿಯಮವಿತ್ತು. 1969ರ ತೆಲಂಗಾಣ ಚಳವಳಿ, 1972ರ ಜೈ ಆಂಧ್ರ ಚಳವಳಿ ಎರಡರ ಹಿಂದೆಯೂ ಇದೇ ವಿವಾದವಿತ್ತು. ಕೊನೆಗೆ ಸಂವಿಧಾನಕ್ಕೆ 371ಡಿ ವಿಧಿ ಸೇರಿ, 1974ರ ರಾಷ್ಟ್ರಪತಿ ಆದೇಶದ ಪ್ರಕಾರ ಶೇ. 85 ಸೀಟು ಸ್ಥಳೀಯರಿಗೆ ಎಂದಾಯಿತು. ರಾಜ್ಯ ವಿಭಜನೆಯ ನಂತರವೂ ಹತ್ತು ವರ್ಷ ಹಳೆಯ ಹಂಚಿಕೆಯೇ ನಡೆಯಬೇಕಿತ್ತು, ಆ ಅವಧಿ 2024ರ ಜೂನ್ 2ಕ್ಕೆ ಮುಗಿಯಿತು.

ಗಡಿಯ ಆಚೆ, ಅದೇ ಹಳೆಯ ನಿಜಾಮ ರಾಜ್ಯದ ಕನ್ನಡ ಜಿಲ್ಲೆಗಳಿಗೆ ಇಂಥದೇ ರಕ್ಷಣೆ ಸಿಗಲು ದಶಕಗಳೇ ಬೇಕಾದವು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ಬಂತು. ಈಗ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಅಲ್ಲಿಯ ಮಕ್ಕಳಿಗೆ. ನನ್ನ ಕಾಲಕ್ಕೆ ಅದು ಇರಲಿಲ್ಲ.

ಹೈದರಾಬಾದಿನಲ್ಲಿ ಬೆಳೆದ ನಮ್ಮ ಮಕ್ಕಳು ಇವೆರಡರ ನಡುವೆ ನಿಂತಿದ್ದಾರೆ. ಅವರು ತಿಳಿದಿರಬೇಕಾದ ಇನ್ನೊಂದು ಸಾಲು ಕರ್ನಾಟಕದ ಸಿಇಟಿ ಅರ್ಜಿಯಲ್ಲಿದೆ: ‘ಹೊರನಾಡು ಕನ್ನಡಿಗ’. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಇರುವ ಅವಕಾಶ ಅದು. ಅದಕ್ಕೆ ಬೇರೆ ಷರತ್ತುಗಳೂ ಇವೆ, ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಅರ್ಜಿ ಹಾಕಬೇಕು. ಆದರೆ ಒಂದು ಷರತ್ತು ನಮ್ಮ ಕೈಯಲ್ಲೇ ಇದೆ. ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಮಗು ತೇರ್ಗಡೆಯಾಗಬೇಕು.

ಇದನ್ನು ಹೇಳಿದಾಗ ಅಕ್ಕನ ಮಗಳು ಮುಖ ಸಣ್ಣದು ಮಾಡಿದಳು. ಮಾತು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ತಪ್ಪು ಅವಳದಲ್ಲ, ನಮ್ಮದು. ಈ ಊರಿನ ಹಿರಿಯರು ಕಾಚಿಗುಡದಲ್ಲಿ ನೃಪತುಂಗ ಶಾಲೆ ಕಟ್ಟಿ ಕನ್ನಡ ಉಳಿಸಿದರು. ನಮಗೆ ವಾರಕ್ಕೆ ಒಂದು ಗಂಟೆ ಮನೆಯಲ್ಲಿ ಅಕ್ಷರ ತಿದ್ದಿಸಲು ಆಗಲಿಲ್ಲ.

ಅದಕ್ಕೆ ನನ್ನದೊಂದು ಸಲಹೆ. ಪ್ರತಿ ವರ್ಷ ಅರ್ಜಿಯ ಕಾಲದಲ್ಲಿ ನಮ್ಮ ಮಹಿಳಾ ವೇದಿಕೆ ಒಂದು ಭಾನುವಾರ ಕೂತು, ಪ್ರಮಾಣಪತ್ರ, ದಿನಾಂಕ, ಆಯ್ಕೆಗಳ ಬಗ್ಗೆ ಮಕ್ಕಳಿಗೆ, ಮುಖ್ಯವಾಗಿ ಮನೆಯಲ್ಲಿ ಕೇಳಲು ಯಾರೂ ಇಲ್ಲದ ಹೆಣ್ಣುಮಕ್ಕಳಿಗೆ, ನೆರವಾಗಲಿ. ಜೊತೆಗೆ ಎಂಟನೇ ತರಗತಿಯ ಹೊತ್ತಿಗೇ ಕನ್ನಡ ಓದಲು ಕಲಿಸೋಣ. ಮೊದಲ ಭಾನುವಾರಕ್ಕೆ ನಾನು ಬರುತ್ತೇನೆ.

ಅಕ್ಕನ ಮಗಳು ಆ ರಾತ್ರಿ ‘ಲೋಕಲ್’ ಎಂದು ಗುರುತು ಹಾಕಿ ಅರ್ಜಿ ಕಳಿಸಿದಳು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಕೊನೇ ದಿನಾಂಕ ದಾಟಿಲ್ಲ ಹೌದಲ್ಲ?"

ದಾಟಿಲ್ಲ ಅತ್ತೆ, ಇನ್ನೂ ಎಂಟು ದಿನ ಇತ್ತು ಎಂದೆ.