ಅಕ್ಷರದ ಹಿಂದಿನ ಬಣ್ಣ

ಕಂಪ್ಯೂಟರಿನ ಟರ್ಮಿನಲ್ಲಿಗೆ, ಅಂದರೆ ಆದೇಶಗಳನ್ನು ಅಕ್ಷರದಲ್ಲೇ ಬರೆಯುವ ಪರದೆಗೆ, ಬಣ್ಣ ಆರಿಸುವುದು ಹೊಸ ತಲೆಮಾರಿನ ಶೋಕಿ ಎಂದು ಹಲವರು ತಿಳಿದಿದ್ದಾರೆ. ಆದರೆ ಅಕ್ಷರಕ್ಕೂ ಹಿನ್ನೆಲೆಗೂ ಎಷ್ಟು ಅಂತರವಿದ್ದರೆ ಕಣ್ಣಿಗೆ ಹಿತ ಎಂಬ ವಿಚಾರ ವಿಜಯಪುರದ ಬರಹಕ್ಕೆ ಹೊಸದಲ್ಲ. ಆದಿಲ್‌ಶಾಹಿ ಆಸ್ಥಾನದ ಲಿಪಿಕಾರರು ಪರ್ಶಿಯನ್ ಪರಂಪರೆಯಲ್ಲಿ ಪಳಗಿದವರು. ಆ ಪರಂಪರೆಯ ಸೀಮಿ ನಿಶಾಪುರಿ 1433ರ ತನ್ನ ಕೈಪಿಡಿಯಲ್ಲಿ, ಅಚ್ಚ ಬಿಳಿ ಕಾಗದ ಕಣ್ಣಿಗೆ ತ್ರಾಸು ಕೊಡುತ್ತದೆ, ಆದ್ದರಿಂದ ತುಸು ಬಣ್ಣ ಹಾಕಬೇಕು ಎಂದು ಸಲಹೆ ಕೊಟ್ಟಿದ್ದ. ಇದೇ ವಿಜಯಪುರದ ಜಾಮಿ ಮಸೀದಿಯ ಮಿಹ್ರಾಬಿನಲ್ಲಿ (ಪ್ರಾರ್ಥನೆಯ ದಿಕ್ಕು ತೋರುವ ಗೂಡಿನಲ್ಲಿ) 1636ರಲ್ಲಿ ಬಂಗಾರದ ಅಕ್ಷರಗಳು ಮೂಡಿದವು. ಅವು ದೂರದಿಂದ ಕಣ್ಸೆಳೆಯಬೇಕಾದ ಅಕ್ಷರಗಳು; ಪುಟದ ಅಕ್ಷರಗಳಾದರೋ ತಾಸುಗಟ್ಟಲೆ ಓದಿಸಿಕೊಳ್ಳಬೇಕಾದವು. ಕೆಲಸ ಬೇರೆಯಾದರೆ ಬಣ್ಣವೂ ಬೇರೆಯಾಗಬೇಕು ಎಂಬುದೇ ಇಲ್ಲಿನ ತಿರುಳು.

ಕಪ್ಪು ಹಿನ್ನೆಲೆಯೂ ನಮಗೆ ಅಪರಿಚಿತವಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿ ಬಳಪದಿಂದ ಬರೆಯುತ್ತಿದ್ದ ಕಡತಗಳು ಕನ್ನಡ ನಾಡಿನ ವರ್ತಕರ, ಮಠಗಳ ಲೆಕ್ಕ ಕಾಯ್ದವು. ಅಳಿಸಿ ಮತ್ತೆ ಬರೆಯುವ ಅನುಕೂಲ ಬೇಕಿತ್ತು, ಬಳಪ ಬೆಳ್ಳಗಿತ್ತು. ಹಾಗಾಗಿ ಹಾಳೆ ಕಪ್ಪಾಯಿತು. 1978ರ ವಿಟಿ100 ಟರ್ಮಿನಲ್, 1981ರ ಐಬಿಎಂ ಪಿಸಿಯ ಹಸಿರಕ್ಷರದ ಪರದೆ ಕಪ್ಪಾಗಿದ್ದುದರ ಹಿಂದೆಯೂ ಸಾಮಗ್ರಿಯದೇ ಕಾರಣವಿತ್ತು: ಎಲೆಕ್ಟ್ರಾನ್ ಬಿದ್ದ ಕಡೆ ಮಾತ್ರ ಪರದೆಯ ಲೇಪ ಬೆಳಗುತ್ತಿತ್ತು, ಇಡೀ ಪರದೆಯನ್ನು ಬೆಳಗಿಸಿದರೆ ಮಿಣುಕು ಕಣ್ಣಿಗೆ ರಾಚುತ್ತಿತ್ತು. ಇಂದಿನ ಎಲ್‌ಸಿಡಿಯಲ್ಲಿ ಆ ತೊಂದರೆಯಿಲ್ಲ. ಹೀಗಿದ್ದೂ ಕಪ್ಪನ್ನೇ ಟರ್ಮಿನಲ್ಲಿನ ಸಹಜ ಬಣ್ಣವೆಂದು ಹಿಡಿದು ಕೂರುವುದು, ಕಾರಣ ಹೋದ ಮೇಲೂ ಉಳಿದ ರೂಢಿ.

ಹಾಗಾದರೆ ಎಲ್ಲರೂ ಬಿಳಿಗೆ ಮರಳಬೇಕೇ? ಬಿಳಿಯ ಮೇಲಿನ ಕಪ್ಪಕ್ಷರವನ್ನು ಎಳೆಯರೂ ಹಿರಿಯರೂ ಹೆಚ್ಚು ನಿಖರವಾಗಿ ಓದುತ್ತಾರೆಂದು 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ತೋರಿಸಿತು. ಬೆಳಕು ಹೆಚ್ಚಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ನೋಟ ಚೂಪಾಗುತ್ತದೆ. ಇದನ್ನು ಒಪ್ಪಲೇಬೇಕು. ಆದರೆ ಚೂಪಾದ ನೋಟ ಒಂದು, ದಣಿಯದ ಕಣ್ಣು ಇನ್ನೊಂದು. ಕತ್ತಲ ಕೋಣೆಯಲ್ಲಿ ಉರಿವ ಬಿಳಿ ಪರದೆ ಎರಡನೆಯದನ್ನು ಕೆಡಿಸುತ್ತದೆ. ಕಾಗದವನ್ನೂ ಪರದೆಯನ್ನೂ ಹೋಲಿಸುವುದೇ ತಪ್ಪು, ಕಾಗದಕ್ಕೆ ಸ್ವಂತ ಬೆಳಕಿಲ್ಲ ಎಂಬ ಆಕ್ಷೇಪವೂ ಇದೆ. ನಿಜವೇ, ಮತ್ತು ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಕೋಣೆ ಮಬ್ಬಾದರೆ ಕಾಗದ ತಾನೇ ಮಬ್ಬಾಗುತ್ತದೆ. ಪರದೆಗೆ ಆ ಹೊಂದಾಣಿಕೆಯನ್ನು ನಾವೇ ಮಾಡಿಕೊಡಬೇಕು.

ಈಥನ್ ಶೂನೋವರ್ 2011ರಲ್ಲಿ ಟರ್ಮಿನಲ್ಲಿಗಾಗಿ ರೂಪಿಸಿದ ಸೋಲರೈಸ್ಡ್ ಎಂಬ ಬಣ್ಣಗಳ ಗುಚ್ಛದಲ್ಲಿ ಈ ವಿವೇಕವಿದೆ: ಅಚ್ಚ ಕಪ್ಪೂ ಇಲ್ಲ, ಅಚ್ಚ ಬಿಳಿಯೂ ಇಲ್ಲ, ಅವೇ ಎಂಟು ಮೆರುಗುಬಣ್ಣಗಳು ತಿಳಿ ಹಿನ್ನೆಲೆಗೂ ಗಾಢ ಹಿನ್ನೆಲೆಗೂ ಒಗ್ಗುತ್ತವೆ. ಇದಕ್ಕೆ ವಿರುದ್ಧವಾಗಿ, ಟರ್ಮಿನಲ್ಲುಗಳ ಹಳೆಯ ಎಂಟು ಬಣ್ಣಗಳ ಪಟ್ಟಿಯ ನೀಲಿಯಲ್ಲಿ ಫೋಲ್ಡರ್ ಹೆಸರುಗಳು ಕಪ್ಪಿನ ಮೇಲೆ ಹುದುಗಿಹೋಗುತ್ತವೆ, ಯಾಕೆಂದರೆ ನಮ್ಮ ಕಣ್ಣಿಗೆ ಕಾಣುವ ಹೊಳಪಿನಲ್ಲಿ ನೀಲಿಯ ಪಾಲು ತೀರ ಕಡಿಮೆ. ತಿಕೋಟಾ, ಬಬಲೇಶ್ವರಗಳ ಬೇಸಿಗೆಯ ನಡುಹಗಲಲ್ಲಿ ಬಾಗಿಲು ತೆರೆದ ಪಡಸಾಲೆಯಲ್ಲಿ ಕುಳಿತವರಿಗೆ ತಿಳಿ ಹಿನ್ನೆಲೆಯೇ ಸರಿ. ಅಲ್ಲಿ ಕಪ್ಪು ಪರದೆ ಕನ್ನಡಿಯಾಗಿ ಮುಖ ತೋರಿಸುತ್ತದೆ. ರಾತ್ರಿ ಮಂದ ದೀಪದಡಿ ಅದೇ ವ್ಯಕ್ತಿಗೆ ಗಾಢ ಬಣ್ಣ ಹಿತ. ಕೆಂಪು ತಪ್ಪು ತೋರಿಸಲಿ, ಹಳದಿ ಎಚ್ಚರಿಸಲಿ. ಇಡೀ ದಿನ ಓದುವ ಸಾಲು ಸೌಮ್ಯವಾಗಿರಲಿ. ಫ್ಯಾಷನ್ ನೋಡಿ ಬಣ್ಣ ಆರಿಸಬೇಡಿ. ಕೂತ ಜಾಗದ ಬೆಳಕು ನೋಡಿ ಆರಿಸಿ.