ಹಿಟ್ಟು, ರೊಟ್ಟಿ ಮತ್ತು ಫೋಟೋ

1866ರಲ್ಲಿ ಲಂಡನ್ನಿನಿಂದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಪುಸ್ತಕ ಹೊರಬಂತು. ಅದರೊಳಗಿನ ಗುಡಿಗಳ ಫೋಟೋ ತೆಗೆದವರು ಪಿಗೌ, ನೀಲ್ ಮತ್ತು ಬಿಗ್ಸ್ ಎಂಬ ಮೂವರು. ಬರವಣಿಗೆ ಫರ್ಗುಸನ್ ಮತ್ತು ನಮ್ಮ ಸುರಪುರದ ಮೆಡೋಸ್ ಟೇಲರ್ ಸಾಹೇಬರದು. ಧಾರವಾಡ ಸೀಮೆಯ ಕಲ್ಲು ಕ್ಯಾಮೆರಾದ ಕಣ್ಣಿಗೆ ಬಿದ್ದು ಅಷ್ಟು ಕಾಲವಾಯಿತು.

ಗುಡಿಯ ಫೋಟೋದವರಿಗೆ ಆಗೊಂದು ಕಾಟವಿತ್ತು. ಮಸೂರವು ಅಂಚಿನ ನೇರ ಗೆರೆಯನ್ನು ಬಾಗಿಸಿ, ಕಂಬಗಳನ್ನು ಪೀಪಾಯಿಯ ಹೊಟ್ಟೆಯಂತೆ ಉಬ್ಬಿಸುತ್ತಿತ್ತು. ಅದೇ 1866ರಲ್ಲಿ ಲಂಡನ್ನಿನ ಡಾಲ್ಮೇಯರ್, ಮ್ಯೂನಿಕ್ಕಿನ ಸ್ಟೈನ್‌ಹೈಲ್ ಬೇರೆಬೇರೆಯಾಗಿ ಒಂದೇ ಉಪಾಯ ಹೂಡಿದರು. ಒಂದೇ ಬಗೆಯ ಎರಡು ಮಸೂರಗಳನ್ನು ಎದುರುಬದುರು ಕೂರಿಸಿ, ನಡುವೆ ಬೆಳಕಿನ ಕಿಂಡಿ ಇಟ್ಟರು. ಒಂದು ಬಾಗಿಸಿದ್ದನ್ನು ಇನ್ನೊಂದು ನೆಟ್ಟಗೆ ಮಾಡಿತು. ಗಾಜಿನ ತಪ್ಪಿಗೆ ಗಾಜೇ ಮದ್ದು.

ಬಣ್ಣದ ತಪ್ಪು ಮಾತ್ರ ಬಹಳ ದಿನ ಉಳಿಯಿತು. ಹಳೆಯ ನೆಗೆಟಿವ್‌ಗಳು ನೀಲಿ ಬೆಳಕನ್ನೇ ಹೆಚ್ಚು ಹಿಡಿಯುತ್ತಿದ್ದವು. ನೀಲಿ ಸೀರೆ ಬಿಳುಚಿದಂತೆ, ಕುಂಕುಮ, ಅರಿಶಿನ ಎರಡೂ ಕಪ್ಪಾಗಿ ಮೂಡುತ್ತಿದ್ದವು. ಅರಿಶಿನ ಹಚ್ಚಿದ ಮದುಮಗಳ ಕೆನ್ನೆ ಇನ್ನಷ್ಟು ಕಪ್ಪು! ಸ್ಟುಡಿಯೋದವರು ಸೀಸದ ಕಡ್ಡಿಯಿಂದ ನೆಗೆಟಿವ್ ತಿದ್ದಿ ಮುಖ ಬೆಳ್ಳಗೆ ಮಾಡುತ್ತಿದ್ದರು. ಮೊದಲು ಗಾಜಿನ ತಪ್ಪು ಮುಚ್ಚಲು ಹಿಡಿದ ಕಡ್ಡಿ, ಆಮೇಲೆ ಹುಡುಗಿಯ ‘ತಪ್ಪು’ ಮುಚ್ಚತೊಡಗಿತು.

ನನ್ನ ತಂಗಿಯ ಕನ್ಯಾ ತೋರಿಸುವ ಫೋಟೋ ಹೀಗೇ ಆಯಿತು. ಹುಬ್ಬಳ್ಳಿಯ ಒಂದು ಸ್ಟುಡಿಯೋದವರು ಕೇಳದೆಯೇ ಗಲ್ಲದ ಮಚ್ಚೆ ಅಳಿಸಿದ್ದರು, ಬಣ್ಣ ಏರಿಸಿದ್ದರು. ನೋಡಲು ಬಂದವರು ಅವಲಕ್ಕಿ ತಿಂದು, “ಫೋಟೋದಾಗ ಬ್ಯಾರೆ ಕಾಣತಾರಲ್ಲರಿ” ಅಂದು ಎದ್ದರು. ಅವ್ವ ಒಳಗೆ ಹೋಗಿ ಅತ್ತಳು. ತಂಗಿ ಅಳಲಿಲ್ಲ, ಆ ಫೋಟೋ ಹರಿದು ಒಲೆಗೆ ಹಾಕಿದಳು.

ಈಗ ಕಡ್ಡಿ ಹಿಡಿದ ಕೈ ಕಾಣುವುದಿಲ್ಲ, ಕ್ಯಾಮೆರಾದೊಳಗೇ ಕೂತಿದೆ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ, ಹತ್ತು ಸಾವಿರ ಚುಕ್ಕಿಗಳ ಒಂದು ಕಪ್ಪು-ಬಿಳುಪು ಚಿತ್ರ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯಿತು. ಬಣ್ಣಕ್ಕೆ ದಾರಿ ತೋರಿದವರು ಅದೇ ಕಂಪನಿಯ ಬ್ರೈಸ್ ಬೇಯರ್. 1976ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ನಮ್ಮ ಚುಕ್ಕಿ ರಂಗೋಲಿಯ ಹಾಗೆ ಅದು. ಪ್ರತಿ ಚುಕ್ಕಿ ಒಂದೇ ಬಣ್ಣ ನೋಡುತ್ತದೆ: ಅರ್ಧದಷ್ಟು ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದ ಬಣ್ಣಗಳನ್ನು ಕ್ಯಾಮೆರಾ ನೆರೆಯ ಚುಕ್ಕಿಗಳನ್ನು ನೋಡಿ ಊಹಿಸಿ ತುಂಬುತ್ತದೆ.

ಹೀಗೆ ತುಂಬುವ ಮೊದಲಿನ ಲೆಕ್ಕಕ್ಕೇ ‘ರಾ’ ಎನ್ನುವುದು. ಅದು ನಾದಿದ ಹಿಟ್ಟು. ಬಣ್ಣ ತುಂಬಿ, ಬೆಳಕಿನ ಛಾಯೆ ಸರಿಪಡಿಸಿ, ಕುಗ್ಗಿಸಿ ಕೊಟ್ಟ ಜೇಪೆಗ್ ಬೇಯಿಸಿದ ರೊಟ್ಟಿ. ಹಿಟ್ಟಿದ್ದರೆ ಇನ್ನೊಂದು ರೊಟ್ಟಿ ಬಡಿಯಬಹುದು. ರೊಟ್ಟಿಯಿಂದ ಹಿಟ್ಟು ಮರಳಿ ಬಾರದು.

ಡಾಲ್ಮೇಯರನ ಕೆಲಸವನ್ನೂ ಈಗ ಲೆಕ್ಕವೇ ಮಾಡುತ್ತದೆ. ಯಾವ ಮಸೂರ ಎಲ್ಲಿ ಎಷ್ಟು ಬಾಗಿಸುತ್ತದೆ ಎಂಬ ಪಟ್ಟಿ ಹಿಡಿದು ಒಂದೊಂದು ಚುಕ್ಕಿಯನ್ನೂ ಅದರ ಜಾಗಕ್ಕೆ ಸರಿಸುತ್ತದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಆದರೆ ಇದಕ್ಕೂ ಬೆಲೆಯುಂಟು. ಅಗಲ ನೋಟದ ಮಸೂರದಲ್ಲಿ ಗೆರೆ ನೇರವಾದಷ್ಟೂ ಅಂಚಿನಲ್ಲಿ ನಿಂತವರ ಮುಖ ಅಡ್ಡಡ್ಡ ಹಿಗ್ಗುತ್ತದೆ. ಮದುವೆಯ ಗ್ರೂಪ್ ಫೋಟೋ ನೋಡಿ ನಮ್ಮ ವೈನಿ, “ನಾ ಇಷ್ಟು ದಪ್ಪ ಇದ್ದೀನೇನ್ರಿ?” ಎಂದು ಫೋಟೋದವನನ್ನು ತರಾಟೆಗೆ ತೆಗೆದುಕೊಂಡಿದ್ದು ಸುಳ್ಳು ಸಿಟ್ಟಲ್ಲ. ನೀವೂ ನಡುವೆ ನಿಲ್ಲಿ.

ತಿದ್ದದ ಚಿತ್ರವೇ ಇಲ್ಲ ಎಂದಮೇಲೆ ತಿದ್ದುವುದೇ ಪಾಪವೆಂದು ನಾನೇನೂ ಹೇಳಲಾರೆ. ಮಸೂರ ಬಾಗಿಸಿದ್ದನ್ನು ನೆಟ್ಟಗೆ ಮಾಡಲಿ, ದೀಪದ ಹಳದಿಯನ್ನು ಕಳೆಯಲಿ. ಅವು ಯಂತ್ರದ ತಪ್ಪುಗಳು. ಮಚ್ಚೆ, ಸುಕ್ಕು, ಕಪ್ಪು ಬಣ್ಣ ಯಾರ ತಪ್ಪೂ ಅಲ್ಲ. ಮೊಬೈಲು ಕೇಳದೆಯೇ ಮುಖ ನುಣುಪು ಮಾಡಿಕೊಟ್ಟಾಗ ಹೆಣ್ಣುಮಕ್ಕಳು ಅದನ್ನು ಆರಿಸಿಬಿಡಲಿ, ಬೇಕಾದ ಚಿತ್ರದ ಹಿಟ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ನಾಳೆ ಮೊಮ್ಮಕ್ಕಳು ನಮ್ಮ ಮುಖವನ್ನು ಹುಡುಕುವುದು ಅದರಲ್ಲೇ.